ಬೆರಳಿಗೆ ಸಿಗುವ ಬಣ್ಣಗಳು
‘ದಿ ಬ್ಲ್ಯಾಕ್ ಬುಕ್ ಆಫ್ ಕಲರ್ಸ್’ 2006ರಲ್ಲಿ ಮೆಕ್ಸಿಕೋದಲ್ಲಿ ಸ್ಪ್ಯಾನಿಷ್‌ನಲ್ಲಿ ಬಂದ ಚಿತ್ರಪುಸ್ತಕ. ಪುಟಗಳೆಲ್ಲ ಕಪ್ಪು, ಎಡಕ್ಕೆ ಬಿಳಿ ಅಕ್ಷರ, ಬ್ರೈಲ್ (ಬೆರಳಿನಿಂದ ಓದುವ ಉಬ್ಬುಚುಕ್ಕಿಗಳ ಲಿಪಿ), ಬಲಕ್ಕೆ ಉಬ್ಬುಗೆರೆಯ ಚಿತ್ರ. ಕಣ್ಣು ಕಾಣದ ತೊಮಾಸ್ ಬಣ್ಣಗಳನ್ನು ರುಚಿ, ವಾಸನೆ, ಸ್ಪರ್ಶದಿಂದ ವಿವರಿಸುತ್ತಾನೆ. ಯಾರೂ ಅವನಿಗೆ ಮರುಗುವುದಿಲ್ಲ, ಅವನೇ ಹೇಳಿಕೊಡುವವನು. ಪುಸ್ತಕದ ದೊಡ್ಡ ಬಲ ಇದೇ.

ತರಗತಿಯಲ್ಲಿ ಇದನ್ನು ಓದುವಾಗ ಒಮ್ಮೆಗೆ ಮೂರು-ನಾಲ್ಕು ಮಕ್ಕಳು ಸಾಕು. ಮೊದಲು ಕಣ್ಣು ಮುಚ್ಚಿ ಚಿತ್ರದ ಮೇಲೆ ತೋರುಬೆರಳು ಆಡಿಸಲಿ, ಆಮೇಲೆ ನೀವು ಓದಿ. ಮೊದಲೇ ಓದಿಬಿಟ್ಟರೆ ಮಕ್ಕಳು ಹುಡುಕುವುದನ್ನು ಬಿಟ್ಟು ಊಹಿಸತೊಡಗುತ್ತಾರೆ. ಗೆರೆಗಳು ಹೆಣೆದುಕೊಂಡ ಕಡೆ ತಬ್ಬಿಬ್ಬಾಗುತ್ತಾರೆ. ಆ ತಡಕಾಟಕ್ಕೆ ಸಮಯ ಕೊಡಿ. ಯಾರಾದರೂ “ಪಾಪ” ಎಂದರೆ ಗದರಬೇಡಿ, “ನಮಗೆ ಗೊತ್ತಿಲ್ಲದ್ದು ತೊಮಾಸ್‌ಗೆ ಏನೇನು ಗೊತ್ತು?” ಎಂದು ಕೇಳಿ.

ಬ್ರೈಲ್ ಚುಕ್ಕಿಗಳ ಉಬ್ಬು ಮಾತ್ರ ತೀರಾ ಕಡಿಮೆ, ನಿಜವಾಗಿ ಬ್ರೈಲ್ ಓದುವ ಮಗುವಿಗೆ ಕಷ್ಟ. ಅಂಥ ಮಗು ತರಗತಿಯಲ್ಲಿದ್ದರೆ ಪಠ್ಯವನ್ನು ದಪ್ಪ ಕಾಗದದಲ್ಲಿ, ಬ್ರೈಲ್ ಸ್ಲೇಟಿನಿಂದ (ಚುಕ್ಕಿಗಳನ್ನು ಒತ್ತಿ ಬರೆಯುವ ಚೌಕಟ್ಟು) ಬರೆಸಿ ಜೊತೆಗಿಡಿ.