ಬಿಆರ್‌ಸಿಯ ಬಿಐಇಆರ್‌ಟಿ ಸೇವೆ: ಓದಲು ಕಷ್ಟಪಡುವ ನನ್ನ ಮಗಳಿಗೆ ಎಷ್ಟು ಉಪಯೋಗ ಆಯಿತು

ಮಗಳು ಈಗ ಐದನೇ ತರಗತಿ. ಕನ್ನಡ ಮಾಧ್ಯಮ, ಅನುದಾನಿತ ಶಾಲೆ. ನಮ್ಮದು ಮೈಸೂರಿಗೆ ಬಸ್ಸಿನಲ್ಲಿ ಎರಡು ಗಂಟೆ ದೂರದ ತಾಲ್ಲೂಕು. ಅವಳಿಗೆ ಶಾಲೆಯಲ್ಲಿ ಸಹಾಯ ಕೊಡಿಸಲು ಎರಡು ವರ್ಷ ಅಲೆದಿದ್ದೇವೆ. ಆ ಓಡಾಟದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಒಂದು ರೂಪಾಯಿಯೂ ಕೇಳದ ಸೇವೆ, ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲ್ಲೂಕಿನಲ್ಲೇ ಇರುವ ಸರ್ಕಾರಿ ಶಿಕ್ಷಕರದ್ದು. ಅದು ಇದೆ ಅಂತಲೇ ನಮಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ಶುರುವಾದದ್ದು ಎರಡನೇ ತರಗತಿಯಲ್ಲಿ. ಒತ್ತಕ್ಷರ ಬಂದ ಕೂಡಲೇ ಮಗು ನಿಂತುಬಿಟ್ಟಳು. 'ಅಕ್ಕ' ಅಂತ ಬಾಯಲ್ಲಿ ಸರಿಯಾಗಿ ಹೇಳುತ್ತಾಳೆ, ಬರೆದರೆ 'ಅಕ'. ದೀರ್ಘ ಬಿಟ್ಟುಹೋಗುತ್ತದೆ. ಪ, ಫ, ಷ ಮೂರೂ ಒಂದರ ಜಾಗದಲ್ಲಿ ಇನ್ನೊಂದು. ಉಕ್ತಲೇಖನ ಇದ್ದ ದಿನ ಬೆಳಗ್ಗೆಯೇ ಹೊಟ್ಟೆನೋವು. ಅದೇ ಪಾಠವನ್ನು ನಾನು ಒಂದು ಸಲ ಓದಿ ಹೇಳಿದರೆ ಸಾಕು, ಸಂಜೆ ಅಜ್ಜಿಗೆ ಒಂದು ವಿಷಯವೂ ಬಿಡದೆ ಒಪ್ಪಿಸುತ್ತಾಳೆ. ಶಾಲೆಯಲ್ಲಿ ಮಾತ್ರ "ಗಮನ ಇಲ್ಲ, ಸೋಮಾರಿ, ಮನೆಯಲ್ಲಿ ಕೂರಿಸಿ ಬರೆಸಿ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ನಾವೂ ಕೂರಿಸಿ ಬರೆಸಿದೆವು, ಹೊಡೆದೂ ಇದ್ದೇವೆ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಕನ್ನಡವನ್ನು ಓದಿದ ಹಾಗೇ ಬರೆಯುವುದು, ಆದ್ದರಿಂದ ಡಿಸ್ಲೆಕ್ಸಿಯಾ (ಬುದ್ಧಿ ಸರಿಯಿದ್ದೂ ಓದು ಬರಹ ಹತ್ತದ ತೊಂದರೆ) ಎಲ್ಲ ಇಂಗ್ಲಿಷ್ ಮಕ್ಕಳಿಗೆ ಬರೋದು ಅಂತ ಒಬ್ಬ ಶಿಕ್ಷಕಿ ನನಗೆ ಹೇಳಿದ್ದರು. ಇದು ತಪ್ಪು. ನಮ್ಮ ಅಕ್ಷರಗಳಲ್ಲಿ ಕಾಗುಣಿತ, ಒತ್ತು, ಒಂದೇ ಥರ ಕಾಣುವ ರೂಪಗಳು ಎಷ್ಟಿವೆ ಅಲ್ವಾ? ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಡಿಸ್ಲೆಕ್ಸಿಯಾ ಪತ್ತೆಗೆ ಡಾಲಿ ಅಂತ ಒಂದು ಪರೀಕ್ಷೆ ಮಾಡಿದ್ದಾರೆ. ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಅದು ಇದೆ. ಕನ್ನಡ ಓದುವ ಮಕ್ಕಳಿಗೆ ಈ ತೊಂದರೆ ಇಲ್ಲದಿದ್ದರೆ ಅದನ್ನು ಯಾಕೆ ಮಾಡುತ್ತಿದ್ದರು?

ಮೊದಲು ನಾವು ಹೋದದ್ದು ದೊಡ್ಡ ಊರಿನ ಒಂದು ಪ್ರೈವೇಟ್ ಸೆಂಟರಿಗೆ. ಹೆಸರು ಬರೆಯುವುದಿಲ್ಲ. ಎಂಟೂವರೆ ಸಾವಿರ ಕೊಟ್ಟೆವು, ಇಂಗ್ಲಿಷಿನಲ್ಲಿ ಹದಿನಾಲ್ಕು ಪುಟದ ರಿಪೋರ್ಟ್ ಬಂತು, ಕೊನೆಯ ಪುಟದಲ್ಲಿ ಅವರದೇ ಥೆರಪಿ ಪ್ಯಾಕೇಜ್ ತೆಗೆದುಕೊಳ್ಳಿ ಅಂತ ಇತ್ತು. ಅದನ್ನು ಹಿಡಿದು ಸರ್ಟಿಫಿಕೇಟಿಗೆ ಸರ್ಕಾರಿ ಆಸ್ಪತ್ರೆಗೆ ಹೋದರೆ ಎರಡು ಕಾರಣಕ್ಕೆ ವಾಪಸ್ ಕಳಿಸಿದರು. ಮಗುವಿಗೆ ಇನ್ನೂ ಎಂಟು ತುಂಬಿರಲಿಲ್ಲ. 2018ರ ಕೇಂದ್ರ ಮಾರ್ಗಸೂಚಿ ಪ್ರಕಾರ ಕಲಿಕಾ ನ್ಯೂನತೆಗೆ ಸರ್ಟಿಫಿಕೇಟ್ ಕೊಡುತ್ತಿದ್ದದ್ದು ಎಂಟು ವರ್ಷದ ಮೇಲೆ. ಇನ್ನೊಂದು, ರಿಪೋರ್ಟಿಗೆ ಸಹಿ ಹಾಕಿದವರ ಆರ್‌ಸಿಐ ನೋಂದಣಿ ಸಂಖ್ಯೆ ಎಲ್ಲೂ ಇರಲಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರಿರುವ ಸೈಕಾಲಜಿಸ್ಟ್ ಆಗಿರಬೇಕಂತೆ. ಈ ಎರಡು ಮಾತು ದುಡ್ಡು ಕಟ್ಟಿಸಿಕೊಳ್ಳುವ ಮೊದಲು ಅವರೇ ಹೇಳಬಹುದಿತ್ತು. ನೀವು ಎಲ್ಲಿಗೇ ಹೋದರೂ ಫೀಸ್ ಕೇಳುವ ಮುಂಚೆ ಆ ಸಂಖ್ಯೆ ಕೇಳಿ.

ಆಮೇಲೆ ಪರಿಚಯದವರೊಬ್ಬರು ಹೇಳಿದರು ಅಂತ ಬಿಆರ್‌ಸಿಗೆ ಹೋದೆ. ಬಿಆರ್‌ಸಿ ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರ. ನಮ್ಮಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಪಕ್ಕದಲ್ಲೇ ಇದೆ, ಹತ್ತು ವರ್ಷದಿಂದ ಅದರ ಮುಂದೆ ಓಡಾಡುತ್ತಿದ್ದರೂ ಒಳಗೆ ಹೋಗಿರಲಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಅಲ್ಲಿ ಬಿಐಇಆರ್‌ಟಿ ಅಂತ ಒಬ್ಬ ಶಿಕ್ಷಕರು ಇರುತ್ತಾರೆ. ವಿಶೇಷ ಅಗತ್ಯ ಇರುವ ಮಕ್ಕಳಿಗೆ ಶಾಲೆಯಲ್ಲಿ ಬೇಕಾದ್ದನ್ನು ನೋಡುವುದೇ ಅವರ ಕೆಲಸ. ಶಾಲೆಗೆ ಬರಲಾಗದಷ್ಟು ತೊಂದರೆ ಇರುವ ಮಕ್ಕಳ ಮನೆಗೂ ಹೋಗುತ್ತಾರೆ.

ನಮ್ಮ ತಾಲ್ಲೂಕಿನ ಬಿಐಇಆರ್‌ಟಿಯನ್ನು ನಾವು ಮೇಷ್ಟ್ರು ಅಂತಲೇ ಕರೆಯುವುದು. ಅವರು ಆ ದಿನ ಮಾಡಿದ್ದು ಇಷ್ಟೇ. ನನ್ನನ್ನು ಕೂರಿಸಿ, ಮಗಳ ಹಳೇ ನೋಟ್‌ಬುಕ್ ಎಲ್ಲ ತಿರುವಿ ನೋಡಿ, "ನೋಡಮ್ಮ, ಇದು ಸೋಮಾರಿತನದ ತಪ್ಪು ಅಲ್ಲ, ಒಂದೇ ಥರದ ತಪ್ಪು ಪದೇಪದೇ ಬರುತ್ತಿದೆ" ಅಂದರು. ಎರಡು ವರ್ಷದಲ್ಲಿ ಮಗುವಿನ ನೋಟ್‌ಬುಕ್ಕನ್ನು ಗಮನವಿಟ್ಟು ನೋಡಿದ ಮೊದಲ ವ್ಯಕ್ತಿ ಅವರು. ನಾನು ಅಲ್ಲೇ ಅತ್ತುಬಿಟ್ಟೆ.

ಅವರೇ ದಾರಿ ಹೇಳಿಕೊಟ್ಟರು. ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಬೇಕು, ಯಾಕೆಂದರೆ ಎಷ್ಟೋ ಮಕ್ಕಳಿಗೆ ಬೋರ್ಡ್ ಸರಿಯಾಗಿ ಕಾಣದೆಯೇ ಓದು ಹಿಂದೆ ಬಿದ್ದಿರುತ್ತದೆ. ಮಕ್ಕಳ ಡಾಕ್ಟರ್ ನೋಡಬೇಕು. ಆಮೇಲೆ ಸೈಕಾಲಜಿಸ್ಟ್ ಬುದ್ಧಿಮತ್ತೆ ಪರೀಕ್ಷೆ ಮಾಡುತ್ತಾರೆ, ಅದು ಸರಿ ಇದ್ದರೆ ಮಾತ್ರ ಓದು ಬರಹದ ಪರೀಕ್ಷೆ. ನಿಮ್ಹಾನ್ಸ್‌ನವರು ತಯಾರು ಮಾಡಿದ ಪರೀಕ್ಷೆಗಳನ್ನು ಇದಕ್ಕೆ ಬಳಸುತ್ತಾರೆ. ನಾವು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಹೋದೆವು. ಅದೇ, ಆಯಿಷ್. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಕಿವಿ, ಮಾತು, ಸೈಕಾಲಜಿ ಎಲ್ಲ ಒಂದೇ ಕಡೆ ಆಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದೇ ದಿನದಲ್ಲಿ ಮುಗಿಯಲಿಲ್ಲ, ಮೂರು ಸಲ ಹೋಗಬೇಕಾಯಿತು. ಮಗಳ ಬುದ್ಧಿಮತ್ತೆ ವಯಸ್ಸಿಗೆ ಸರಿಯಾಗಿದೆ, ಓದು ಬರಹ ಮಾತ್ರ ಎರಡು ತರಗತಿ ಹಿಂದಿದೆ ಅಂತ ಕಾಗದದಲ್ಲಿ ಬಂದಾಗ ನಮ್ಮ ಯಜಮಾನರು ಬಸ್ಸಿನಲ್ಲಿ ಬರುತ್ತಾ ಅದನ್ನು ಎಷ್ಟು ಸಲ ಓದಿದರೋ ಲೆಕ್ಕವಿಲ್ಲ.

ಸರ್ಟಿಫಿಕೇಟಿಗೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಅದೇ ಯುಡಿಐಡಿ ಕಾರ್ಡಿಗೂ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ. ಫೀಸ್ ಇಲ್ಲ. ಆಧಾರ್, ಫೋಟೋ, ರಿಪೋರ್ಟ್ ಸಾಕಾಯಿತು. ಪೋರ್ಟಲ್ ನಮಗೆ ಅರ್ಥವಾಗಲಿಲ್ಲ, ತಾಲ್ಲೂಕಿನ ಎಂಆರ್‌ಡಬ್ಲ್ಯು ಕೂತು ಹಾಕಿಕೊಟ್ಟರು. ಎಂಆರ್‌ಡಬ್ಲ್ಯು ಅಂದರೆ ತಾಲ್ಲೂಕು ಮಟ್ಟದ ಪುನರ್ವಸತಿ ಕಾರ್ಯಕರ್ತರು. ಹಳ್ಳಿಯವರಾದರೆ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂತ ಇರುತ್ತಾರೆ, ಅವರನ್ನೇ ಕೇಳಿ, ಸೈಬರ್ ಸೆಂಟರಿಗೆ ದುಡ್ಡು ಕೊಡಬೇಡಿ. ಆಸ್ಪತ್ರೆಯ ಮೆಡಿಕಲ್ ಬೋರ್ಡಿನ ಮುಂದೆ ಹೋಗಿ ಕಾರ್ಡ್ ಕೈಗೆ ಬರುವುದಕ್ಕೆ ನಮಗೆ ಐದು ತಿಂಗಳು ಹಿಡಿಯಿತು. 2018ರ ಮಾರ್ಗಸೂಚಿಯಲ್ಲಿ ಹದಿನಾಲ್ಕಕ್ಕೆ ಇನ್ನೊಂದು ಸಲ, ಹದಿನೆಂಟಕ್ಕೆ ಕೊನೆಯ ಸಲ ಪರೀಕ್ಷೆ ಅಂತ ಇತ್ತು. ಹಾಗಾಗಿ ಎಲ್ಲ ಕಾಗದದ ಮೂಲ ಪ್ರತಿ ಜೋಪಾನವಾಗಿ ಇಟ್ಟಿದ್ದೇನೆ.

ಕಾರ್ಡ್ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಶಾಲೆಯಲ್ಲಿ ಅದರ ಝೆರಾಕ್ಸ್ ತೆಗೆದುಕೊಂಡು ಫೈಲಿಗೆ ಹಾಕಿದರು, ಅಷ್ಟೇ. ಮುಂದಿನ ತಿಂಗಳೂ ಅದೇ ಉಕ್ತಲೇಖನ, ಅದೇ ಕೆಂಪು ಗೀಟು. ಬಾಯಲ್ಲಿ ಕೇಳಿದರೆ "ನೋಡೋಣ ಬಿಡಿ" ಅನ್ನುತ್ತಾರೆ. ಇನ್ನೊಂದು ದಿನ ಬೇರೆ ಶಾಲೆ ನೋಡಿಕೊಂಡರೆ ಒಳ್ಳೆಯದು ಅಂತಲೂ ಅಂದರು. ಮೇಷ್ಟ್ರಿಗೆ ಹೇಳಿದೆ. ಅವರು ಒಂದೇ ಮಾತು ಹೇಳಿದ್ದು: "ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕರಿಸಿದೆ ಅಂತ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ."

ಇಡೀ ಎರಡು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ಬೆಲೆಬಾಳುವ ಮಾತು ಇನ್ನೊಂದಿಲ್ಲ. ನಾವು ಶಾಲೆಗಳಿಗೆ ಹೋಗಿ ಕೈಕಟ್ಟಿ ನಿಂತು ಕೇಳಿ ಬರುವ ಜನ. ಕಾಗದ ಕೊಟ್ಟರೆ ಶಾಲೆಯವರಿಗೆ ಬೇಜಾರಾಗುತ್ತೆ, ಮಗುವಿನ ಮೇಲೆ ತೀರಿಸಿಕೊಳ್ಳುತ್ತಾರೆ ಅಂತ ಭಯ. ನನಗೂ ಇತ್ತು. ಆದರೂ ಕೊಟ್ಟೆ. ಕನ್ನಡದಲ್ಲಿ, ಒಂದೂವರೆ ಪುಟ. ಮೊದಲ ಸಾಲಿನಲ್ಲಿ ಮಗಳ ಹೆಸರು, ತರಗತಿ, ಸ್ಯಾಟ್ಸ್ ನಂಬರ್ (ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ). ಆಮೇಲೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಹಳೇ 1995ರ ಕಾಯ್ದೆಯಲ್ಲಿ ಏಳೇ ನ್ಯೂನತೆ ಇದ್ದವು, ಈಗ 21. ಕಲಿಕಾ ನ್ಯೂನತೆ ಅದರಲ್ಲಿ ಸೇರಿದೆ. ಸೆಕ್ಷನ್ 16 ಮಗುವಿಗೆ ಬೇಕಾದ ಸಹಾಯ ಶಾಲೆಯೇ ಕೊಡಬೇಕು ಅನ್ನುತ್ತದೆ, ಡಿಸ್ಲೆಕ್ಸಿಯಾ ಥರದ ತೊಂದರೆಯನ್ನು ಆದಷ್ಟು ಬೇಗ ಗುರುತಿಸಬೇಕು ಅಂತಲೂ ಇದೆ. ಸೆಕ್ಷನ್ 17ರಲ್ಲಿ ಪರೀಕ್ಷೆಗೆ ಹೆಚ್ಚು ಸಮಯ, ಬರೆದುಕೊಡುವವರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲದರ ಮಾತಿದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಕಳಿಸುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇರುವುದನ್ನೂ ಬರೆದೆ. ಇಷ್ಟು ಆದ ಮೇಲೆ ನಮಗೆ ಏನು ಬೇಕು ಅಂತ ಸ್ಪಷ್ಟವಾಗಿ ಹಾಕಿದೆ: ಮುಂದಿನ ಬೆಂಚು, ಇಡೀ ತರಗತಿ ಮುಂದೆ ಗಟ್ಟಿಯಾಗಿ ಓದಿಸುವುದು ಬೇಡ, ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಓದಿ ಹೇಳಬೇಕು, ಪರಿಸರ ಅಧ್ಯಯನದ ಉತ್ತರ ಬಾಯಲ್ಲಿ ಕೇಳಬೇಕು, ಕಾಗುಣಿತದ ತಪ್ಪಿಗೆ ಕನ್ನಡ ಬಿಟ್ಟು ಬೇರೆ ವಿಷಯದಲ್ಲಿ ಅಂಕ ಕಳೆಯಬಾರದು. "ಸಹಾಯ ಮಾಡಿ" ಅಂತ ಮಾತ್ರ ಬರೆದಿದ್ದರೆ ಅದನ್ನೂ ಫೈಲಿಗೆ ಹಾಕುತ್ತಿದ್ದರು.

ಹತ್ತು ದಿನದಲ್ಲಿ ಹೆಡ್ ಮಾಸ್ಟರ್ ಕರೆಸಿದರು. ಮುಖ ಸ್ವಲ್ಪ ಬಿಗಿಯಾಗಿತ್ತು. ಆದರೆ ಕ್ಲಾಸ್ ಟೀಚರ್, ನಮ್ಮ ಮೇಷ್ಟ್ರು, ನಾನು ಮೂವರನ್ನೂ ಕೂರಿಸಿಕೊಂಡು ಒಂದೊಂದೇ ಸಾಲು ಓದಿ ಒಪ್ಪಿದರು. ಮಗುವಿನ ಮೇಲೆ ಯಾರೂ ಏನೂ ತೀರಿಸಿಕೊಳ್ಳಲಿಲ್ಲ. ಕ್ಲಾಸ್ ಟೀಚರ್ ಆಮೇಲೆ ಹೊರಗೆ ಬಂದು, ಹೇಗೆ ಕಲಿಸಬೇಕು ಅಂತ ನಮಗೂ ಯಾರೂ ಹೇಳಿಕೊಟ್ಟಿಲ್ಲ ಮೇಡಂ ಅಂದರು. ಅವರ ಮೇಲಿದ್ದ ಕೋಪ ಅರ್ಧ ಅಲ್ಲೇ ಇಳಿಯಿತು.

ಈಗ ಮೇಷ್ಟ್ರು ಶಾಲೆಗೆ ಬಂದಾಗ ಮಾಡುವುದು ಏನು? ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ಅಕ್ಷರ ತಿದ್ದಿಸುತ್ತಾರೆ, ತಿದ್ದುವಾಗ ಬಾಯಲ್ಲೂ ಹೇಳಿಸುತ್ತಾರೆ. ಒತ್ತಕ್ಷರಕ್ಕೆ ಬೇರೆ ಬಣ್ಣ. ರಟ್ಟಿನಲ್ಲಿ ಉದ್ದಕ್ಕೆ ಒಂದು ಕಿಂಡಿ ಕತ್ತರಿಸಿ ಪುಸ್ತಕದ ಮೇಲೆ ಇಟ್ಟರೆ ಒಂದೇ ಸಾಲು ಕಾಣುತ್ತದೆ, ಮಗು ಸಾಲು ತಪ್ಪುವುದಿಲ್ಲ. ಮದುವೆ ಪತ್ರಿಕೆಯ ದಪ್ಪ ಕಾಗದದಲ್ಲಿ ನಾನೇ ಮನೆಯಲ್ಲಿ ನಾಲ್ಕು ಮಾಡಿದ್ದೇನೆ. ನನಗೂ ಕೂರಿಸಿ ಕಲಿಸಿಕೊಟ್ಟರು, ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಅತ್ತರೆ ಆ ದಿನ ನಿಲ್ಲಿಸಿ ಅಂದರು. ಹೊಟ್ಟೆನೋವು ನಿಂತಿದೆ. ಕಳೆದ ತಿಂಗಳು ಬಸ್ಸಿನ ಬೋರ್ಡನ್ನು ತಾನೇ ಓದಿ "ಅಮ್ಮ, ಇದು ನಮ್ಮದಲ್ಲ" ಅಂದಳು. ಇನ್ನೂ ನಿಧಾನ, ತಪ್ಪೂ ಇದೆ. ಆದರೆ ಓದಲು ಹೆದರುವುದಿಲ್ಲ.

ಕೊರತೆ ಏನೂ ಇಲ್ಲ ಅನ್ನುವುದಿಲ್ಲ. ದೊಡ್ಡದೇ ಇದೆ. ಅವರು ಒಬ್ಬರೇ, ಶಾಲೆಗಳು ತಾಲ್ಲೂಕಿನ ತುಂಬಾ. ನಮ್ಮ ಶಾಲೆಗೆ ಹದಿನೈದು ದಿನಕ್ಕೊಮ್ಮೆ ಬಂದರೆ ಪುಣ್ಯ, ಸರ್ವೆ, ಟ್ರೈನಿಂಗ್ ಅಂತ ಇದ್ದರೆ ಒಂದೂವರೆ ತಿಂಗಳು ಕಾಣುವುದೇ ಇಲ್ಲ. ಸುಪ್ರೀಂ ಕೋರ್ಟ್ 2021ರಲ್ಲಿ ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು, ಅದರ ಮೇಲೆ ಹದಿನೈದು ಮಕ್ಕಳಿಗೆ ಒಬ್ಬರು ಅಂದಿದೆ. ನಮ್ಮ ಮೇಷ್ಟ್ರು ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುವುದನ್ನು ನೋಡಿದರೆ ಆ ಲೆಕ್ಕ ಎಲ್ಲಿ ಹೋಯಿತು ಅಂತ ಕೇಳಬೇಕು ಅನ್ನಿಸುತ್ತದೆ. ಸೇವೆಯ ಗುಣಕ್ಕೆ ಐದಕ್ಕೆ ಐದು ಕೊಡುತ್ತೇನೆ, ಸಿಗುವ ಪ್ರಮಾಣಕ್ಕೆ ಎರಡು. ಇದು ಅವರ ತಪ್ಪಲ್ಲ, ಹುದ್ದೆ ಕೊಡದವರ ತಪ್ಪು.

ಇನ್ನೊಂದು, ಪ್ರೈವೇಟ್ ಶಾಲೆಯ ಪೋಷಕರು ನನ್ನನ್ನು ಕೇಳುತ್ತಾರೆ. ಈ ಮೇಷ್ಟ್ರ ಕೆಲಸ ಮುಖ್ಯವಾಗಿ ಸರ್ಕಾರಿ, ಅನುದಾನಿತ ಶಾಲೆಗಳಿಗೆ. ಆದರೆ ಪರೀಕ್ಷೆ, ಕಾರ್ಡ್, ಬರೆದು ಕೊಡುವ ಅರ್ಜಿ ನಿಮಗೂ ಇದೇ ದಾರಿ. ಉತ್ತರ ಬರದಿದ್ದರೆ ಬಿಇಒಗೆ, ಅಲ್ಲೂ ಆಗದಿದ್ದರೆ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ವಿಕಲಚೇತನರಿಗಾಗಿಯೇ ಒಬ್ಬ ರಾಜ್ಯ ಆಯುಕ್ತರು ಇದ್ದಾರೆ.

ಬಿಆರ್‌ಸಿಗೆ ಹೋಗುವವರು ಬೆಳಗ್ಗೆ ಹತ್ತಕ್ಕೇ ಹೋಗಿ, ಆಮೇಲೆ ಅವರು ಫೀಲ್ಡಿಗೆ ಹೊರಟುಬಿಡುತ್ತಾರೆ. ಮಗುವಿನ ಹಳೇ ನೋಟ್‌ಬುಕ್ ಎಸೆಯದೆ ಒಯ್ಯಿರಿ. ಯು-ಡೈಸ್‌ನಲ್ಲಿ (ಸರ್ಕಾರದ ಶಾಲಾ ಮಾಹಿತಿ ದಾಖಲೆ) ವಿಶೇಷ ಅಗತ್ಯದ ಮಗು ಅಂತ ನಮೂದಾಗಿದೆಯಾ ಎಂದು ಹೆಡ್ ಮಾಸ್ಟರನ್ನು ಕೇಳಿ, ನಮ್ಮಲ್ಲಿ ಕಾರ್ಡ್ ಬಂದು ನಾಲ್ಕು ತಿಂಗಳಾದರೂ ಆಗಿರಲಿಲ್ಲ. ಜೂನ್‌ನಲ್ಲಿ ತರಗತಿ ಬದಲಾದಾಗ ಹೊಸ ಟೀಚರಿಗೆ ಅರ್ಜಿಯ ಪ್ರತಿ ಮತ್ತೆ ಕೊಡಬೇಕು. ನಾನು ಆರನೇ ತರಗತಿಗೆ ಕೊಡುವುದನ್ನು ಈಗಲೇ ಬರೆದಿಟ್ಟಿದ್ದೇನೆ, ತಾರೀಖು ಹಾಕುವುದೊಂದು ಬಾಕಿ.