ಚಾವಣಿಗೆ ಕೂಡಿಟ್ಟ ಹಣ ಯಾರೂ ಕದಿಯದೆಯೇ ಖಾಲಿಯಾಯಿತು: ಚರ್ಚ್ ಕಮಿಟಿಯಲ್ಲಿರುವವರು ದಯವಿಟ್ಟು ಓದಿ

ಬಡಗಿ ಏಣಿಯ ಮೇಲಿಂದ ಕರೆದರು. "ಸಾರ್, ಒಂದ್ಸಲ ಮೇಲೆ ಬಂದು ನೋಡಿ."

ಬಲಿಪೀಠದ ಪಕ್ಕದಲ್ಲಿ, ಚಾವಣಿಯ ದೊಡ್ಡ ತೊಲೆ ಗೋಡೆಯೊಳಗೆ ಹೋಗಿ ಕೂರುವ ಜಾಗ ಅದು. ಕೆಳಗಿನಿಂದ ಏನೂ ಕಾಣುತ್ತಿರಲಿಲ್ಲ. ಬಣ್ಣ ಚೆನ್ನಾಗಿಯೇ ಇತ್ತು. ಅವರು ಸ್ಕ್ರೂಡ್ರೈವರ್ ತೆಗೆದು ತೊಲೆಯ ತುದಿಗೆ ಒತ್ತಿದರು. ಒದ್ದೆ ರಟ್ಟಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆ ಎಳೆದಾಗ ಕಂದು ಪುಡಿ ನನ್ನ ಅಂಗಿಯ ಮೇಲೆ ಉದುರಿತು. ಅದರ ಕೆಳಗೇ ಪ್ರತಿ ಭಾನುವಾರ ಹಾಡುವ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು.

ಅವತ್ತು ಸಂಜೆಯೇ ಚರ್ಚಿಗೆ ಬೀಗ ಹಾಕಿದೆವು. ಮತ್ತೆ ಆ ಬಾಗಿಲು ತೆರೆಯುವುದಕ್ಕೆ 11 ತಿಂಗಳು ಬೇಕಾಯಿತು.

ನಾನು ಆಗ ಕಮಿಟಿಯಲ್ಲಿದ್ದೆ. ಆರು ವರ್ಷದಿಂದ ಇದ್ದೆ. ವರ್ಷಕ್ಕೊಮ್ಮೆ ಲೆಕ್ಕಪತ್ರ ಓದುತ್ತಿದ್ದರು, ನಾವೆಲ್ಲ ಕೈ ಎತ್ತಿ ಒಪ್ಪುತ್ತಿದ್ದೆವು. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ನನ್ನ ತಪ್ಪೂ ಇದೆ. ನಿಮ್ಮ ಚರ್ಚಿನಲ್ಲಿ ಇದೇ ಆಗುತ್ತಿರಬಹುದು, ನಿಮಗೆ ಗೊತ್ತಿಲ್ಲದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತೊಲೆ ಯಾಕೆ ಕೊಳೆಯಿತು ಅಂತ ಹೇಳಿಬಿಡುತ್ತೇನೆ. ಸೂರಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿ ಇರುತ್ತದಲ್ವಾ, ಅದರಲ್ಲಿ ಎಲೆ ಕಟ್ಟಿಕೊಂಡಿತ್ತು. ಪೈಪಿನ ಬಾಯಿಯಲ್ಲಿ ಹಳೇ ಹಕ್ಕಿಗೂಡು. ದೋಣಿಯೊಳಗೆ ಮಣ್ಣಾಗಿ ಒಂದು ಗಿಡವೇ ಬೆಳೆದಿತ್ತು. ಅದು ನಮಗೆಲ್ಲ ಕಾಣುತ್ತಿತ್ತು. "ನೋಡ್ರಿ, ಗಿಡ ಹುಟ್ಟಿದೆ" ಅಂತ ತೋರಿಸಿ ಒಳಗೆ ಹೋಗುತ್ತಿದ್ದೆವು. ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 200 ಚದರ ಮೀಟರ್ ಚಾವಣಿಗೆ ಒಂದು ದಿನ 50 ಮಿಲಿಮೀಟರ್ ಸುರಿದರೆ 10,000 ಲೀಟರ್. ಅಷ್ಟು ನೀರಿಗೆ ಪೈಪಿನ ದಾರಿ ಮುಚ್ಚಿದ್ದರೆ ಅದು ಗೋಡೆಯ ತಲೆಯ ಮೇಲೆ ಇಳಿಯುತ್ತದೆ. ತೊಲೆಯ ತುದಿ ಕೂತಿರುವುದೂ ಅಲ್ಲೇ. ಮರದಲ್ಲಿ ತೇವ ಸುಮಾರು 20 ಶೇಕಡಾ ದಾಟಿ ಹಾಗೇ ಉಳಿದರೆ ಮರ ತಿನ್ನುವ ಬೂಷ್ಟಿಗೆ ಅನುಕೂಲ. ಗೋಡೆಯೊಳಗಿನ ತುದಿಗೆ ಗಾಳಿಯೂ ಆಡುವುದಿಲ್ಲ, ಹಾಗಾಗಿ ಅದು ಒಣಗುವುದೇ ಇಲ್ಲ.

ಒಂದು ಏಣಿ, ಇಬ್ಬರು ಜನ, ಅರ್ಧ ದಿನ. ವರ್ಷಕ್ಕೆ ಎರಡು ಸಲ. ಇಷ್ಟು ಮಾಡಿದ್ದರೆ ಸಾಕಿತ್ತು. ಇದನ್ನು ನೆನೆದಾಗೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ತೊಲೆಯಲ್ಲ. ಅದಾದ ಮೇಲೆ ನಡೆದ ಮೀಟಿಂಗ್.

ಎಲ್ಲರಿಗೂ ಒಂದು ಧೈರ್ಯ ಇತ್ತು. ಚಾವಣಿಗೆ ಅಂತಲೇ ಆರು ವರ್ಷದಿಂದ ಹಣ ಎತ್ತಿದ್ದೆವು. ತಿಂಗಳ ಮೊದಲ ಭಾನುವಾರ ಕಟ್ಟಡ ನಿಧಿಗೆ ಬೇರೆ ಕವರ್ ಕೊಡುತ್ತಿದ್ದೆವು. ಹಾಗಾದರೆ ಹಣ ಇರಬೇಕಲ್ಲ? ಖಜಾಂಚಿ ಪಾಸ್‌ಬುಕ್ ತೆಗೆದು ಮೇಜಿನ ಮೇಲೆ ಇಟ್ಟರು. ಒಂದೇ ಪಾಸ್‌ಬುಕ್. ಒಂದೇ ಖಾತೆ. ಅದರಲ್ಲಿದ್ದ ಹಣ ಮುಂದಿನ ಎರಡು ತಿಂಗಳ ಸಂಬಳಕ್ಕೆ ಮತ್ತು ಕರೆಂಟ್ ಬಿಲ್ಲಿಗೆ ಆಗುವಷ್ಟು, ಅಷ್ಟೇ.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಯಾರೋ ಒಬ್ಬರು ಕೊನೆಗೆ ಮೆಲ್ಲಗೆ ಕೇಳಿದರು, "ಹಾಗಾದ್ರೆ ಚಾವಣಿ ದುಡ್ಡು?"

ಆ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಮೂರು ಜನ ಕೂತೆವು. ಐದು ವಾರ ಹಿಡಿಯಿತು. ಆರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ರಸೀದಿ ಪುಸ್ತಕದ ಅಡಿಪ್ರತಿ, ರಬ್ಬರ್ ಬ್ಯಾಂಡ್ ಹಾಕಿದ ಬಿಲ್ಲುಗಳ ಕಟ್ಟು, ಎಲ್ಲ ಮುಂದಿಟ್ಟುಕೊಂಡು ಸಾಲು ಸಾಲಾಗಿ ನೋಡಿದೆವು. ಬಂದ ಉತ್ತರ ಇಷ್ಟು: ಯಾರೂ ಒಂದು ಪೈಸೆಯನ್ನೂ ಕದ್ದಿಲ್ಲ.

ಚಾವಣಿಗೆ ಕೊಟ್ಟ ಕವರುಗಳು ದಿನನಿತ್ಯದ ಕಾಣಿಕೆ ಹೋಗುವ ಖಾತೆಗೇ ಹೋಗಿದ್ದವು. ಭಾನುವಾರದ ಕಾಣಿಕೆ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಇಳಿಯುತ್ತಾ ಬಂದಿತ್ತು. ಖರ್ಚು ಏರುತ್ತಾ ಇತ್ತು. ಆದರೆ ಖಾತೆಯಲ್ಲಿ ಯಾವಾಗಲೂ ಹಣ ಕಾಣುತ್ತಿತ್ತು, ಯಾಕೆಂದರೆ ಚಾವಣಿಯ ಹಣ ಅದರಲ್ಲಿ ಬೆರೆತಿತ್ತು. ಹಾಗಾಗಿ ಕೊರತೆ ಇದೆ ಅಂತ ಯಾರಿಗೂ ಅನ್ನಿಸಲಿಲ್ಲ. ಹೊಸ ಮೈಕ್ ಸೆಟ್ ಬೇಕು ಅಂದರೆ, ಖಾತೆಯಲ್ಲಿ ಇದೆ. ಕ್ರಿಸ್ಮಸ್ಸಿಗೆ ದೀಪಾಲಂಕಾರ ಬೇಕು ಅಂದರೆ, ಇದೆ. ಕಷ್ಟದಲ್ಲಿದ್ದ ಒಂದು ಕುಟುಂಬಕ್ಕೆ ಆಸ್ಪತ್ರೆ ಖರ್ಚು ಕೊಡಬೇಕು ಅಂದರೆ, ಇದೆ. ಒಂದೊಂದೂ ಒಳ್ಳೆಯ ಖರ್ಚೇ. ಒಂದೊಂದಕ್ಕೂ ನಾವೇ ಕೈ ಎತ್ತಿದ್ದೆವು. ಹೀಗೆ ಒಳ್ಳೊಳ್ಳೆಯ ಖರ್ಚುಗಳಿಗೇ ನಮ್ಮ ಚಾವಣಿಯ ಹಣ ಕರಗಿತ್ತು.

ಒಂದು ಉದ್ದೇಶ ಹೇಳಿ ತೆಗೆದುಕೊಂಡ ಹಣ ಆ ಉದ್ದೇಶಕ್ಕೇ ಮೀಸಲು. ಕೊಟ್ಟವರನ್ನು ಕೇಳದೆ ಅದನ್ನು ಬೇರೆ ಕಡೆ ಖರ್ಚು ಮಾಡುವ ಹಕ್ಕು ಕಮಿಟಿಗೆ ಇಲ್ಲ. ಆ ಬೇರೆ ಕೆಲಸ ಎಷ್ಟೇ ಒಳ್ಳೆಯದಾಗಿರಲಿ. ನಮಗೆ ಇದು ಅರ್ಥವಾಗಿದ್ದು ಒಬ್ಬ ಅಜ್ಜಿ ಬಂದ ದಿನ. ಅವರ ಕೈಚೀಲದಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಆರು ವರ್ಷದ ರಸೀದಿಗಳು, ತಿಂಗಳ ಪ್ರಕಾರ ಜೋಡಿಸಿ ದಾರ ಕಟ್ಟಿದ್ದರು. ಪ್ರತಿಯೊಂದರ ಮೇಲೂ ನೀಲಿ ಶಾಯಿಯಲ್ಲಿ "ಚಾವಣಿಗೆ" ಅಂತ ಬರೆದಿತ್ತು. ಮೊತ್ತ ಸಣ್ಣದು. ಆದರೆ ಒಂದು ತಿಂಗಳೂ ತಪ್ಪಿರಲಿಲ್ಲ.

"ನಾನು ಚಾವಣಿಗೆ ಕೊಟ್ಟಿದ್ದಲ್ವೇನಪ್ಪಾ?" ಅಂದರು. ಸಿಟ್ಟಿರಲಿಲ್ಲ. ಬರೀ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಖಜಾಂಚಿಯವರ ಬಗ್ಗೆ ಹೇಳಲೇಬೇಕು. ಹತ್ತೊಂಬತ್ತು ವರ್ಷ ಸಂಬಳ ಇಲ್ಲದೆ ಆ ಕೆಲಸ ಮಾಡಿದವರು. ಭಾನುವಾರ ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲವನ್ನು ಮನೆಗೆ ಒಯ್ದು, ರಾತ್ರಿ ಒಬ್ಬರೇ ಕೂತು ಎಣಿಸಿ, ಸೋಮವಾರ ಬ್ಯಾಂಕಿಗೆ ಕಟ್ಟುತ್ತಿದ್ದರು. ಎಲ್ಲರಿಗೂ ಅದೇ ಅನುಕೂಲ ಆಗಿತ್ತು. ನಮಗೆ ಮನೆಗೆ ಬೇಗ ಹೋಗಬಹುದಿತ್ತು. ಚಾವಣಿ ಹಣ ಇಲ್ಲ ಅಂತ ಗೊತ್ತಾದ ವಾರದಲ್ಲೇ ಗುಸುಗುಸು ಶುರುವಾಯಿತು. "ಮನೇಲಿ ಎಣಿಸ್ತಿದ್ರಂತೆ." "ಒಬ್ರೇ ಇರ್ತಿದ್ರಂತೆ." ಬ್ಯಾಂಕಿಗೆ ಬಂದ ಹಣ ಖರ್ಚಾದದ್ದಕ್ಕೆ ನಾವು ಲೆಕ್ಕ ತೋರಿಸಬಹುದಿತ್ತು. ಆದರೆ ಚೀಲದಲ್ಲಿದ್ದದ್ದೆಲ್ಲ ಬ್ಯಾಂಕಿಗೆ ಬಂತು ಅಂತ ಹೇಗೆ ತೋರಿಸುವುದು? ಎಣಿಸುವಾಗ ಪಕ್ಕದಲ್ಲಿ ಇನ್ನೊಬ್ಬರು ಇದ್ದಿದ್ದರೆ, ಒಂದು ಚೀಟಿಗೆ ಇಬ್ಬರೂ ಸಹಿ ಹಾಕಿದ್ದರೆ, ಆ ಚೀಟಿಯೇ ಅವರನ್ನು ಕಾಪಾಡುತ್ತಿತ್ತು. ಅವರು ಪ್ರಾಮಾಣಿಕರು ಅಂತ ನನ್ನ ಮನಸ್ಸಿಗೆ ಗೊತ್ತು. ಆದರೆ ಅದನ್ನು ತೋರಿಸುವ ಒಂದು ಕಾಗದವನ್ನೂ ನಾವು ಅವರಿಗೆ ಕೊಟ್ಟಿರಲಿಲ್ಲ. ಅವರು ರಾಜೀನಾಮೆ ಕೊಟ್ಟರು. ಈಗ ಬೇರೆ ಚರ್ಚಿಗೆ ಹೋಗುತ್ತಾರೆ.

ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಇದೇ ಇದೆ. ಬಡವರಿಗೆ ಕೂಡಿಸಿದ ಹಣವನ್ನು ಸಾಗಿಸುವಾಗ ಅವನು ಒಬ್ಬನೇ ಹೊರಡಲಿಲ್ಲ. ಸಭೆಗಳು ಆರಿಸಿದ ಸಹೋದರನನ್ನು ಜೊತೆಗೆ ಇಟ್ಟುಕೊಂಡ. ಯಾರೂ ತನ್ನ ಮೇಲೆ ತಪ್ಪು ಹೊರಿಸಬಾರದು ಅನ್ನುವ ಕಾರಣವನ್ನೂ ತಾನೇ ಬರೆದಿದ್ದಾನೆ. ಪೌಲನಿಗೇ ಜೊತೆಗೊಬ್ಬರು ಬೇಕು ಅನ್ನಿಸಿತ್ತು.

ಮೀಟಿಂಗಿನಲ್ಲಿ ಹಿರಿಯರೊಬ್ಬರು ಇನ್ನೊಂದು ವಚನ ತೆಗೆದರು. ಅರಸುಗಳ ಎರಡನೇ ಪುಸ್ತಕದ 12ನೇ ಅಧ್ಯಾಯ, 15ನೇ ವಚನ. ದೇವಾಲಯದ ರಿಪೇರಿ ಮಾಡಿಸಿದವರಿಂದ ಲೆಕ್ಕ ಕೇಳಲಿಲ್ಲ, ಯಾಕೆಂದರೆ ಅವರು ನಂಬಿಗಸ್ತರು ಅಂತ ಅಲ್ಲಿದೆ. "ಬೈಬಲ್ಲಲ್ಲೇ ಲೆಕ್ಕ ಕೇಳಿಲ್ಲ, ನೀವ್ಯಾಕೆ ಕೇಳ್ತೀರಿ?" ಅಂದರು. ಆ ವಚನವನ್ನು ಒಂದೇ ಕಿತ್ತು ಓದಬೇಡಿ. ಅಧ್ಯಾಯವನ್ನು ಮೊದಲಿನಿಂದ ಓದಿ. ಯೆಹೋವಾಷ ಅರಸನ ಕಾಲ. ರಿಪೇರಿಯ ಹಣ ಯಾಜಕರ ಕೈಗೆ ಹೋಗುತ್ತಿತ್ತು. ಅರಸನ ಆಳ್ವಿಕೆಯ 23ನೇ ವರ್ಷ ಬಂದರೂ ರಿಪೇರಿ ಆಗಿರಲಿಲ್ಲ. ಆಮೇಲೆ ಯೆಹೋಯಾದ ಅನ್ನುವ ಯಾಜಕ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು, ಯಜ್ಞವೇದಿಯ ಪಕ್ಕದಲ್ಲಿ ಇಟ್ಟ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕ ಮತ್ತು ಮಹಾಯಾಜಕ ಇಬ್ಬರೂ ಬಂದು ಎಣಿಸಿ ಚೀಲಕ್ಕೆ ಕಟ್ಟುತ್ತಿದ್ದರು. ಆ ಹಣ ನೇರವಾಗಿ ಬಡಗಿಗಳಿಗೆ, ಕಲ್ಲುಕುಟಿಗರಿಗೆ, ಮರಕ್ಕೆ, ಕಲ್ಲಿಗೆ ಹೋಯಿತು. ಬೆಳ್ಳಿ ಬಟ್ಟಲು, ತುತ್ತೂರಿ ಮಾಡಿಸುವುದಕ್ಕೆ ಅದರಿಂದ ಏನೂ ತೆಗೆಯಲಿಲ್ಲ ಅಂತ 13ನೇ ವಚನ ಹೇಳುತ್ತದೆ. ಬೇರೆ ಪೆಟ್ಟಿಗೆ, ಇಬ್ಬರು ಎಣಿಸುವವರು, ಒಂದೇ ಉದ್ದೇಶ. ಇಷ್ಟೆಲ್ಲ ಆದ ಮೇಲೆ ಬರುತ್ತದೆ 15ನೇ ವಚನ. ನಾವು ಪೆಟ್ಟಿಗೆ ಬಿಟ್ಟು ಬರೀ ನಂಬಿಕೆ ಇಟ್ಟುಕೊಂಡಿದ್ದೆವು.

ಹಣ ಇಲ್ಲ, ಚರ್ಚಿಗೆ ಬೀಗ, ಜನ ಚದುರಿ ಹೋಗುತ್ತಿದ್ದಾರೆ. ಇಂಥ ಹೊತ್ತಲ್ಲಿ ಮನುಷ್ಯ ಅವಸರ ಮಾಡುತ್ತಾನೆ. ನಾವೂ ಮಾಡಿದೆವು. ಸಾಲ ತೆಗೆದು ಒಬ್ಬ ಗುತ್ತಿಗೆದಾರರಿಗೆ ಕೆಲಸ ಕೊಟ್ಟೆವು. ಗುರುತಿನವರು, ಸಭೆಯವರ ನೆಂಟರು. ಬೇರೆ ಯಾರ ಹತ್ತಿರವೂ ಕೊಟೇಶನ್ ಕೇಳಲಿಲ್ಲ. ಯಾವ ಮರ, ಎಷ್ಟು ದಪ್ಪ, ಯಾವಾಗ ಮುಗಿಸಬೇಕು, ಯಾವುದನ್ನೂ ಕಾಗದದಲ್ಲಿ ಬರೆಸಲಿಲ್ಲ. ಮೊದಲೇ ಮುಕ್ಕಾಲು ಪಾಲು ಹಣ ಕೊಟ್ಟುಬಿಟ್ಟೆವು. ತೊಲೆ ಬದಲಾಯಿತು, ನಿಜ. ಅಲ್ಲಿಗೆ ಕೆಲಸದ ವೇಗ ನಿಂತಿತು. ಕೇಳಿದರೆ ಇವತ್ತು ಬರ್ತೀನಿ, ನಾಳೆ ಬರ್ತೀನಿ. ಹಣ ಅವರ ಕೈಯಲ್ಲಿದ್ದಾಗ ನಾವು ಏನು ಹೇಳಿದರೆ ತಾನೆ ಏನು?

ಹೋಗುವ ಮೊದಲು ಅವರು ಒಂದು "ಉಪಕಾರ" ಮಾಡಿದ್ದರು. ಉತ್ತರದ ಗೋಡೆಯಲ್ಲಿ ತೇವ ಕಾಣುತ್ತಿದೆ ಅಂತ ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಬಳಿದರು. ನೋಡಲು ಚೆನ್ನಾಗಿತ್ತು. ನಾವೂ ಖುಷಿಪಟ್ಟೆವು. ಒಂದು ವರ್ಷ ಕಳೆಯುವುದರೊಳಗೆ ಪ್ಲಾಸ್ಟರಿನ ಹಿಂದಿನಿಂದ ಕಲ್ಲು ಪುಡಿಯಾಗಿ ಉದುರಲು ಶುರುವಾಯಿತು. ಹಳೆಯ ಗೋಡೆ ಸುಣ್ಣದ ಗಾರೆಯದ್ದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅದಕ್ಕಿಂತ ಹಿಂದಿನ ಕಟ್ಟಡಗಳಲ್ಲಿ, ಆಮೇಲೂ ಬಹಳ ಕಾಲ, ಸುಣ್ಣವೇ ನಡೆದುಬಂತು. ಸುಣ್ಣದ ಗಾರೆ ಮೆತ್ತಗೆ. ಗೋಡೆಗೆ ಸೇರಿದ ತೇವ ಅದರ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟ್ ಗಟ್ಟಿ, ಅದು ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಸಿಕ್ಕಿಕೊಂಡು, ಅದರಲ್ಲಿರುವ ಉಪ್ಪು ಹರಳುಗಟ್ಟಿ ಕಲ್ಲನ್ನೇ ಒಡೆಯುತ್ತದೆ. ಹಳೆಯ ಚರ್ಚಿಗೆ ಯಾರಾದರೂ ಸಿಮೆಂಟ್ ಬಳಿಯೋಣ ಅಂದರೆ ದಯವಿಟ್ಟು ಅಲ್ಲೇ ನಿಲ್ಲಿಸಿ. ಹಳೆಯ ಕಟ್ಟಡ ಗೊತ್ತಿರುವ ಎಂಜಿನಿಯರನ್ನು ಮೊದಲು ಕರೆಸಿ. ಅವರ ಫೀಸು ಜಾಸ್ತಿ ಅಂತ ನಾವು ಕರೆಸಿರಲಿಲ್ಲ.

ವಿಮೆ ಇತ್ತಲ್ಲ ಅಂತ ಕೇಳಬಹುದು. ಇತ್ತು. ನಿಧಾನವಾಗಿ ಕೊಳೆತದ್ದಕ್ಕೆ, ನೋಡಿಕೊಳ್ಳದೆ ಕೆಟ್ಟದ್ದಕ್ಕೆ ವಿಮೆ ಸಾಮಾನ್ಯವಾಗಿ ಬರುವುದಿಲ್ಲ. ಪಾಲಿಸಿ ಓದಿದಾಗ ಇನ್ನೊಂದು ಕಂಡಿತು. ನಾವು ಬರೆಸಿದ್ದ ಮೊತ್ತ ತೀರಾ ಹಳೆಯದು. ಕಟ್ಟಡವನ್ನು ಮತ್ತೆ ಕಟ್ಟಲು 100 ಬೇಕಾಗಿ, 50ಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, ಬೆಂಕಿ ಬಿದ್ದು 20ರಷ್ಟು ನಷ್ಟವಾದರೂ ಎಷ್ಟೋ ಪಾಲಿಸಿಗಳು 10 ಮಾತ್ರ ಕೊಡುತ್ತವೆ. ನಿಮ್ಮ ಪಾಲಿಸಿಯನ್ನು ಈ ವಾರವೇ ತೆಗೆದು ನೋಡಿ.

ಈಗ ನಾನೇ ಖಜಾಂಚಿ. ಮೊದಲು ಮಾಡಿದ ಕೆಲಸ ಕಟ್ಟಡ ನಿಧಿಗೆ ಬೇರೆ ಖಾತೆ ತೆರೆಸಿದ್ದು. ಹಣ ತೆಗೆಯಲು ಇಬ್ಬರ ಸಹಿ ಬೇಕು, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ ಚರ್ಚಿನೊಳಗೇ ಎಣಿಸುತ್ತೇವೆ, ಇಬ್ಬರಿಬ್ಬರು, ಪ್ರತಿ ವಾರ ಬೇರೆ ಬೇರೆಯವರು. ಖಾಲಿ ಚೆಕ್ಕಿಗೆ ಮುಂಚಿತವಾಗಿ ಸಹಿ ಹಾಕಿಡುವ ಅಭ್ಯಾಸ ನಿಲ್ಲಿಸಿದೆವು. ಹೌದು, ಅದೂ ಇತ್ತು. ಪ್ರತಿ ತಿಂಗಳು ಎರಡೂ ಖಾತೆಯ ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ಮೊದಲ ತಿಂಗಳು ದಿನನಿತ್ಯದ ಖಾತೆಯಲ್ಲಿ ಕೊರತೆ ಎದ್ದು ಕಂಡಿತು. ನನಗೆ ನಾಚಿಕೆಯಾಯಿತು. ಆದರೆ ಅದನ್ನು ಓದಿದ ಮೇಲೆ ಜನ ತಾವಾಗಿಯೇ ಬಂದು ಕೇಳಿದರು, ಕಾಣಿಕೆಯೂ ಮೆಲ್ಲಗೆ ಏರಿತು. ಅವರಿಗೆ ಅಷ್ಟು ದಿನ ಗೊತ್ತೇ ಇರಲಿಲ್ಲ.

ಕಟ್ಟಡದ ಬಗ್ಗೆ ಇಂಗ್ಲೆಂಡಿನ ಚರ್ಚುಗಳಿಂದ ಒಂದು ಪದ್ಧತಿ ಎತ್ತಿಕೊಂಡೆವು. ಅಲ್ಲಿ 1955ರ ಕಾನೂನಿನಿಂದ ಶುರುವಾದ ನಿಯಮದಂತೆ ಚರ್ಚ್ ಆಫ್ ಇಂಗ್ಲೆಂಡಿನ ಚರ್ಚುಗಳನ್ನು ಐದು ವರ್ಷಕ್ಕೊಮ್ಮೆ ಪರಿಣತರು ಪೂರ್ತಿ ಪರೀಕ್ಷೆ ಮಾಡಿ ವರದಿ ಕೊಡಬೇಕು. ಯಾವುದು ತಕ್ಷಣ, ಯಾವುದು ಮುಂದಿನ ವರ್ಷ, ಯಾವುದು ಆಮೇಲೆ ಅಂತ ಅಂಥ ವರದಿಯಲ್ಲಿ ಇದ್ದರೆ ಎಷ್ಟು ಹಣ ಕೂಡಿಸಬೇಕು ಅಂತ ಮೊದಲೇ ತಿಳಿಯುತ್ತದೆ. ನಾವೂ ಮಾಡಿಸಿದೆವು. ಇದರ ಜೊತೆಗೆ ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದೇವೆ. ದೋಣಿ ಶುಚಿ ಮಾಡಿದ ದಿನ, ಮಾಡಿದವರು, ಕಂಡದ್ದು, ಎಲ್ಲ ಅದರಲ್ಲಿ. ಜೋರು ಮಳೆ ಬಂದಾಗ ಒಬ್ಬರು ಕೊಡೆ ಹಿಡಿದು ಸುತ್ತು ಹಾಕುತ್ತಾರೆ. ನೀರು ಎಲ್ಲಿ ಚೆಲ್ಲುತ್ತಿದೆ ಅಂತ ಮಳೆಯಲ್ಲೇ ಕಾಣುವುದು, ಬಿಸಿಲಲ್ಲಿ ಅಲ್ಲ.

ಅಜ್ಜಿಗೆ ನಾವು ಎಲ್ಲವನ್ನೂ ಬರೆದು ಕೊಟ್ಟೆವು, ಅವರ ಹಣ ಯಾವ್ಯಾವುದಕ್ಕೆ ಹೋಯಿತು ಅಂತ. ಕ್ಷಮೆಯನ್ನೂ ಕೇಳಿದೆವು. ಅವರು ಆ ಕಾಗದವನ್ನು ಓದಿ, ಮಡಚಿ, ಅದೇ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡರು.

ಉತ್ತರದ ಗೋಡೆಯ ಸಿಮೆಂಟನ್ನು ಈಗ ಕಲ್ಲಿಗೆ ಪೆಟ್ಟಾಗದ ಹಾಗೆ ಕೈ ಉಳಿಯಲ್ಲಿ ಕೀಳಿಸುತ್ತಿದ್ದೇವೆ. ಮೂರರಲ್ಲಿ ಒಂದು ಪಾಲು ಮುಗಿದು ಸುಣ್ಣದ ಗಾರೆ ಬಿದ್ದಿದೆ. ಉಳಿದದ್ದಕ್ಕೆ ಹಣ ಕೂಡುತ್ತಿದೆ, ಬೇರೆ ಖಾತೆಯಲ್ಲಿ.