ತಡವಾಗಿ ಸೆಮಿಸ್ಟರ್ ಬಿಟ್ಟವನ ರಿವ್ಯೂ: ವಿತ್‌ಡ್ರಾವಲ್ ಕೌಂಟರಿಗೆ 5ಕ್ಕೆ 3 ಸ್ಟಾರ್

ಹೋಟೆಲಿಗೆ, ಮೊಬೈಲಿಗೆ ಎಲ್ಲರೂ ರಿವ್ಯೂ ಬರೆಯುತ್ತಾರೆ. ತೆಗೆದುಕೊಂಡ ವಿಷಯಗಳನ್ನು ನಡುವೆ ಬಿಡಲು ಅರ್ಜಿ ಕೊಡುವ ಕಾಲೇಜಿನ ವಿತ್‌ಡ್ರಾವಲ್ ಕೌಂಟರಿಗೆ ಯಾರೂ ಬರೆಯುವುದಿಲ್ಲ. ಅಲ್ಲಿಗೆ ಹೋಗಿದ್ದೆ ಅಂತ ಹೇಳಿಕೊಳ್ಳುವುದೇ ಮುಜುಗರ, ಅಲ್ವಾ? ನಾನು ಹೋದಾಗ ಸೆಮಿಸ್ಟರ್ ಮುಗಿಯಲು ಮೂರೇ ವಾರ ಇತ್ತು. ಐದು ವಿಷಯ, ಒಟ್ಟು 15 ಕ್ರೆಡಿಟ್, ಐದರಲ್ಲೂ ಫೇಲ್ ಗ್ಯಾರಂಟಿ. ಎರಡು ತಿಂಗಳಿಂದ ಕ್ಲಾಸಿನ ಕಡೆ ತಲೆ ಹಾಕಿರಲಿಲ್ಲ. ಕಾಲೇಜಿನ ಹೆಸರು ಬೇಡ ಬಿಡಿ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಕ್ಲಾಸಿಗೆ ಹೋಗುವುದು ನಿಲ್ಲಿಸಿದರೆ ಕಾಲೇಜು ಬಿಟ್ಟ ಹಾಗೆ ಅಂದುಕೊಂಡಿದ್ದೆ. ಹಾಗಲ್ಲ. ಅರ್ಜಿ ಕೊಡದಿದ್ದರೆ ಹೆಸರು ಪಟ್ಟಿಯಲ್ಲೇ ಇರುತ್ತದೆ, ಸೆಮಿಸ್ಟರ್ ಕೊನೆಗೆ ಹೆಸರಿನ ಮುಂದೆ ಎಫ್ ಬಂದು ಕೂರುತ್ತದೆ. ನೀವು ಹಾಸಿಗೆಯಲ್ಲಿ ಮುಸುಕು ಹಾಕಿ ಮಲಗಿದ್ದಿರೋ, ಓದಿಯೂ ಫೇಲ್ ಆದಿರೋ, ಆ ಅಕ್ಷರ ಹೇಳುವುದಿಲ್ಲ.

ಈಗ ಕೌಂಟರ್ ವಿಷಯ. ಮುಂದೆ ಕೂತಿದ್ದವರು ಒರಟರಲ್ಲ, ಆದರೆ ಮಾತೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. 'ಗಡುವು ಮುಗಿದಿದೆ, ಆದರೂ ಅರ್ಜಿ ಹಾಕಬಹುದು, ಆದರೆ ಆಗುತ್ತೆ ಅಂತ ಹೇಳಕ್ಕಾಗಲ್ಲ.' ಯಾವ ಗಡುವು ಅಂತ ಮೂರು ಸಲ ಕೇಳಿದ ಮೇಲೆ ಗೊತ್ತಾಯಿತು, ಗಡುವು ಒಂದಲ್ಲ. ಶುರುವಿನ ಕೆಲವು ದಿನ ಡ್ರಾಪ್ ಮಾಡಿದರೆ ಅಂಕಪಟ್ಟಿಯಲ್ಲಿ ಗುರುತೇ ಇರುವುದಿಲ್ಲ. ಅದಾದ ಮೇಲೆ ಬಿಟ್ಟರೆ ಡಬ್ಲ್ಯೂ, ಅಂದರೆ ವಿಷಯ ನಡುವೆ ಬಿಟ್ಟ ಗುರುತು, ಬೀಳುತ್ತದೆ. ಅದೂ ದಾಟಿದರೆ ಬಂದ ಗ್ರೇಡೇ ಗತಿ, ಇಲ್ಲವೇ ವಿಶೇಷ ಅರ್ಜಿ. ಫೀಸ್ ವಾಪಸ್ಸಿನ ದಿನಾಂಕ ಬೇರೆಯೇ, ಡಬ್ಲ್ಯೂ ಗಡುವಿಗಿಂತ ಎಷ್ಟೋ ಮೊದಲೇ ಮುಗಿದುಹೋಗಿತ್ತು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೊದಲ ದಿನವೇ ಕೈಗೆ ಕೊಡಲು ಏನು ಕಷ್ಟವೋ! ಒಂದು ಸ್ಟಾರ್ ಅಲ್ಲೇ ಹೋಯಿತು.

ಇನ್ನೊಂದು ಸ್ಟಾರ್ ಹೋಗಿದ್ದು ಆ ಫಾರಂನಿಂದ. ಕಾರಣ ಬರೆಯಲು ಎರಡು ಸಾಲಿನ ಜಾಗ. ಬೆಳಿಗ್ಗೆ ಎದ್ದು ಹಲ್ಲುಜ್ಜುವುದೇ ಆಗದ ಸ್ಥಿತಿಯನ್ನು ಎರಡು ಸಾಲಿನಲ್ಲಿ ಬರೆಯುವುದು ಹೇಗೆ? ನಾನು 'ಗ್ರೇಡ್ ಚೆನ್ನಾಗಿಲ್ಲ' ಅಂತ ಬರೆದು ಕೊಟ್ಟೆ, ಅರ್ಜಿ ಮರುದಿನವೇ ವಾಪಸ್ ಬಂತು. ಗ್ರೇಡ್ ಚೆನ್ನಾಗಿಲ್ಲ ಅನ್ನುವುದನ್ನು ಅವರು ಕಾರಣ ಅಂತ ಒಪ್ಪುವುದೇ ಇಲ್ಲ. ಕಾಯಿಲೆ, ಮನೆಯಲ್ಲಿ ಸಾವು, ಇಂಥದ್ದು ಬೇಕು, ಜೊತೆಗೆ ಅದಕ್ಕೆ ಕಾಗದವೂ ಬೇಕು. ಡಾಕ್ಟರ್ ಪತ್ರದಲ್ಲಿ 'ಆರೋಗ್ಯ ಸರಿ ಇರಲಿಲ್ಲ' ಅಂತ ಸುಮ್ನೆ ಇದ್ದರೆ ಸಾಲದು. ಯಾವ ದಿನದಿಂದ ಯಾವ ದಿನದವರೆಗೆ, ಅದರಿಂದ ಓದಿಗೆ ಹೇಗೆ ತೊಂದರೆಯಾಯಿತು ಅಂತ ಇರಬೇಕು. ಇದನ್ನೂ ಕೌಂಟರಿನವರು ಹೇಳಲಿಲ್ಲ.

ಹೇಳಿದ್ದು ಒಳಗಿನ ರೂಮಿನಲ್ಲಿದ್ದ ಅಡ್ವೈಸರ್ ಮೇಡಂ. ಉಳಿದ ಮೂರು ಸ್ಟಾರ್ ಪೂರ್ತಿ ಅವರಿಗೇ. ಯಾಕೆ ಹೀಗಾಯಿತು ಅಂತ ಒಂದು ಮಾತು ಕೇಳಲಿಲ್ಲ. ವಾಪಸ್ ಬಂದಿದ್ದ ನನ್ನ ಫಾರಂ ತಿರುಗಿಸಿ ಅದರ ಬೆನ್ನ ಮೇಲೆ ಲೆಕ್ಕ ಬರೆದರು. ನನ್ನದು 30 ಕ್ರೆಡಿಟ್ ಮುಗಿದಿತ್ತು, 4ರ ಅಳತೆಯಲ್ಲಿ ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, 3.0. ಎರಡನ್ನೂ ಗುಣಿಸಿದರೆ 90 ಪಾಯಿಂಟ್. ಐದೂ ಎಫ್ ಆದರೆ ಪಾಯಿಂಟ್ ಸೊನ್ನೆ, ಕ್ರೆಡಿಟ್ ಮಾತ್ರ 15 ಸೇರುತ್ತದೆ, 90ನ್ನು 45ರಿಂದ ಭಾಗಿಸಬೇಕು, 2.0. ಐದೂ ಡಬ್ಲ್ಯೂ ಆದರೆ 3.0 ಹಾಗೇ ಉಳಿಯುತ್ತದೆ. ಎರಡು ತಿಂಗಳಿಂದ ನನ್ನ ತಲೆಯಲ್ಲಿ 'ಎಲ್ಲ ಮುಗಿಯಿತು' ಅಂತ ಓಡುತ್ತಿದ್ದದ್ದು ಅಲ್ಲಿ ಪೆನ್ನಿನಲ್ಲಿ ಬರೆದ ಎರಡು ಅಂಕಿಯಾಗಿ ಕೂತಿತ್ತು. ಅಲ್ಲೇ ಅತ್ತೆ, ಸುಳ್ಳು ಯಾಕೆ ಹೇಳಲಿ. ಅವರು ಟಿಶ್ಯೂ ಡಬ್ಬಿ ನನ್ನ ಕಡೆ ತಳ್ಳಿ ಲೆಕ್ಕ ಮುಂದುವರಿಸಿದರು.

ಡಬ್ಲ್ಯೂ ಪುಕ್ಕಟೆ ಅಲ್ಲ ಅಂತಲೂ ಹೇಳಿದರು. ಜಿಪಿಎ ಮುಟ್ಟದಿದ್ದರೂ, ತೆಗೆದುಕೊಂಡ ಕ್ರೆಡಿಟ್ ಎಷ್ಟು, ಮುಗಿಸಿದ್ದು ಎಷ್ಟು ಅನ್ನುವ ಲೆಕ್ಕದಲ್ಲಿ ಅದು ಸೇರುತ್ತದೆ. ನನ್ನದು 45ರಲ್ಲಿ 30. ಸ್ಕಾಲರ್‌ಶಿಪ್ ಇದ್ದವರು ಅರ್ಜಿಗೆ ಮೊದಲು ಆ ಆಫೀಸಿಗೂ ಹೋಗಿ ಬನ್ನಿ. ಇನ್ನೊಂದು, ಹೆಚ್ಚಿನ ಕೆಲಸ ಮುಗಿಸಿ ಕೊನೆಯಲ್ಲಿ ಎಡವಿದವರು ಮೇಷ್ಟ್ರನ್ನು ಕೇಳಿ ಇನ್‌ಕಂಪ್ಲೀಟ್ ತೆಗೆದುಕೊಳ್ಳಬಹುದಂತೆ, ಬಾಕಿ ಕೆಲಸ ಆಮೇಲೆ ಮುಗಿಸಿದರಾಯಿತು. ನನ್ನ ಕೇಸಿಗೆ ಅದು ಆಗುತ್ತಿರಲಿಲ್ಲ.

ಎರಡನೇ ಅರ್ಜಿಗೆ ಉತ್ತರ ಬರಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ರಿಸಲ್ಟ್ ಬಂದು ಐದೂ ಎಫ್ ಕಣ್ಣೆದುರು ನಿಂತಿದ್ದವು. ಆ ಪೇಜನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆ, ನೋಡಿದರೆ ಬದಲಾಗುತ್ತದೆ ಅನ್ನೋ ಹಾಗೆ. ಮನೆಯಲ್ಲಿ ಹೇಳಿದ್ದೂ ಆಗಲೇ. ಬೈಯುತ್ತಾರೆ ಅಂದುಕೊಂಡಿದ್ದೆ. ಅಮ್ಮ 'ಇಷ್ಟು ದಿನ ಒಬ್ಬನೇ ಇಟ್ಟುಕೊಂಡಿದ್ದೆಯಾ' ಅಂದರು. ಬೈದಿದ್ದರೇ ಸುಲಭವಾಗಿತ್ತು.

ಕೊನೆಗೆ ನಾಲ್ಕು ವಿಷಯ ಡಬ್ಲ್ಯೂ ಆಯಿತು. ಒಂದಕ್ಕೆ ಒಪ್ಪಲಿಲ್ಲ, ಆ ವಿಷಯದಲ್ಲಿ ತಡವಾಗಿಯಾದರೂ ಒಂದು ಪ್ರಾಜೆಕ್ಟ್ ಕೊಟ್ಟಿದ್ದೆನಂತೆ, ಹಾಗಾಗಿ ಕ್ಲಾಸಿನಲ್ಲಿ ಇದ್ದ ಲೆಕ್ಕ! ಮೂರು ಕ್ರೆಡಿಟ್ಟಿನ ಒಂದು ಎಫ್. ಜಿಪಿಎ 2.73. ಅದೇ ವಿಷಯ ಮತ್ತೆ ತೆಗೆದುಕೊಂಡು ಪಾಸಾದರೆ ನಮ್ಮಲ್ಲಿ ಹೊಸ ಗ್ರೇಡನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಹಳೆಯದು ಅಂಕಪಟ್ಟಿಯಲ್ಲಿ ಕಾಣುತ್ತಲೇ ಇರುತ್ತದೆ. ಕೆಲವು ಕಡೆ ಎರಡನ್ನೂ ಸೇರಿಸುತ್ತಾರೆ, ಕೇಳಿಕೊಂಡೇ ಸೇರಿ.

ಈ ಸೆಮಿಸ್ಟರಿಗೆ ಎರಡೇ ವಿಷಯ ತೆಗೆದುಕೊಂಡಿದ್ದೇನೆ, ಒಂದು ಆ ಹಳೆಯದು. ಡ್ರಾಪ್‌ನ ಕೊನೆ ದಿನ, ಡಬ್ಲ್ಯೂನ ಕೊನೆ ದಿನ ಎರಡನ್ನೂ ಗೋಡೆಗೆ ಅಂಟಿಸಿದ್ದೇನೆ. ಕೌಂಟರಿನವರು ಊಟಕ್ಕೆ ಏಳುವ ಟೈಮನ್ನೂ.